ಹೊಸ ಸ್ಟಿಕ್ಕರ್ ಅಂಟಿಸಿದ ಹಳೇ ಎಂಜಿನ್ನಿನ ಯಜಮಾನರಿಗೆ

ಮಾನ್ಯ ಯಜಮಾನರೇ,

ಮೊದಲು ಅಭಿನಂದನೆ. ಹಳೇ ಔಟ್‌ಬೋರ್ಡ್ ಎಂಜಿನ್ನೊಂದನ್ನು ಇಷ್ಟು ಬೇಗ ಹೊಸದು ಮಾಡಿದವರನ್ನು ನಮ್ಮ ಅಳಿವೆಯ ಆಚೆ ದಡದಲ್ಲಾಗಲಿ ಈಚೆ ದಡದಲ್ಲಾಗಲಿ ಯಾರೂ ಕಂಡಿಲ್ಲ. ಎಂಜಿನ್ ಗಾಡಿಯಿಂದ ಇಳಿಯುವುದೇ ತಡ, ಕವರಿಗೆ ಬಣ್ಣ ಬಿತ್ತು. ಬಣ್ಣ ಒಣಗುವುದೇ ತಡ, ಸ್ಟಿಕ್ಕರ್ ಬಂತು. ಅಶ್ವಶಕ್ತಿಯ 8 ಎಷ್ಟು ದಪ್ಪವಾಗಿದೆಯೆಂದರೆ, ದಡದಲ್ಲಿ ನಿಂತ ಮೀನುಗಾರಿಕೆ ಇಲಾಖೆಯವರು ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದರೂ ಓದಬಹುದು. ಕವರಿನ ಕ್ಲಿಪ್ ಹೊಸದು, ಹ್ಯಾಂಡಲ್ಲಿನ ಹಿಡಿ ಹೊಸದು, ಫ್ಯಾನಿಗೆ ಪಾಲಿಶ್. ಹಾರ ಹಾಕಿ ತೆಗೆಸಿದ ಫೋಟೊ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ತಿರುಗಾಡಿ ಕೊನೆಗೆ ನನ್ನ ಹೆಂಡತಿಯ ತವರಿನವರೆಗೂ ಹೋಗಿ ಬಂತು.

ನಾನು ಯಾರೆಂದು ನಿಮಗೆ ಗೊತ್ತಾಗುತ್ತದೆ. ಆ ಎಂಜಿನ್ ಕಟ್ಟುವ ದೋಣಿಯಲ್ಲಿ ಬಲೆಯ ರಾಶಿಯ ಮೇಲೆ ಕೂರುವವರಲ್ಲಿ ಒಬ್ಬ. ಇದನ್ನೆಲ್ಲ ಎದುರಿಗೇ ಹೇಳಬಹುದಿತ್ತು. ಆದರೆ ಎದುರಿಗೆ ಹೇಳಿದರೆ ನೀವು ಚಾ ತರಿಸಿ, ಬಂಗುಡೆಯ ರೇಟು ತೆಗೆದು, ಮಾತು ಬೇರೆಲ್ಲಿಗೋ ಒಯ್ಯುತ್ತೀರಿ. ಹಾಗಾಗಿ ಬಹಿರಂಗ ಪತ್ರ.

ಮಳೆಗಾಲಕ್ಕೆ ಮುಂಚೆ ಬರೆಯುವುದಕ್ಕೂ ಕಾರಣವಿದೆ. ಜೂನ್ 1ರಿಂದ ಜುಲೈ 31ರ ತನಕ, ಮೀನು ಮೊಟ್ಟೆಯಿಟ್ಟು ಮರಿ ಬೆಳೆಯಲಿ ಎಂದು, ದೊಡ್ಡ ಬೋಟುಗಳಿಗೆಲ್ಲ ರಜೆ. 10 ಅಶ್ವಶಕ್ತಿವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗೆ ಮಾತ್ರ ಕಡಲಿಗಿಳಿಯಲು ಅನುಮತಿ. ಇದು ನಮಗೆ ಸಿಕ್ಕ ಮರ್ಯಾದೆ. ವರ್ಷದಲ್ಲಿ ಕಡಲು ಅತಿ ಹೆಚ್ಚು ಸಿಟ್ಟಿನಲ್ಲಿರುವ ಎರಡು ತಿಂಗಳನ್ನು ಅತಿ ಸಣ್ಣ ಎಂಜಿನ್ನಿನವರಿಗೆ ಮೀಸಲಿಟ್ಟಿದ್ದಾರೆ. ಅಳಿವೆ ಬಾಗಿಲಲ್ಲಿ ಹೊಳೆಯ ಕೆಂಪು ನೀರು ಹೊರಗೆ ನುಗ್ಗುತ್ತಿರುತ್ತದೆ, ಅಲೆ ಒಳಗೆ ನುಗ್ಗುತ್ತಿರುತ್ತದೆ. ಅಲ್ಲಿ ಎಂಜಿನ್ ನಿಂತಿತೋ, ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಗೆ ಮುಂದಿನ ಅಲೆ ಏನು ಮಾಡುತ್ತದೆಂದು ಗಂಗೊಳ್ಳಿಯಿಂದ ಹೊನ್ನಾವರದವರೆಗೆ ಯಾವ ಮನೆಯ ಜಗಲಿಯಲ್ಲಿ ಕೇಳಿದರೂ ಹೇಳಿಯಾರು. ಆ ಹೊತ್ತಿನಲ್ಲೂ ಸ್ಟಿಕ್ಕರ್ ಹೊಳೆಯುತ್ತಿರುತ್ತದೆ ಎಂಬುದೊಂದೇ ನಮ್ಮ ಧೈರ್ಯ.

ಈಗ ನಿಮ್ಮ ಪೇಂಟರನ ಕೆಲಸದ ಬಗ್ಗೆ. ಕೈಚಳಕ ಚೆನ್ನಾಗಿದೆ, ಒಂದಿಂಚೂ ಬಿಟ್ಟಿಲ್ಲ. ಎಂಜಿನ್ನಿನ ಕಾಲಿನ ಕೆಳಗೆ, ಫ್ಯಾನಿನ ಮೇಲ್ಗಡೆ, ಬೂದು ಬಣ್ಣದ ಒಂದು ಲೋಹದ ತುಂಡು ಬೋಲ್ಟ್ ಹಾಕಿ ಕೂರಿಸಿರುತ್ತದಲ್ಲ, ಅದನ್ನೂ ಬಿಡದೆ ಎರಡು ಕೋಟು ಹೊಡೆದಿದ್ದಾನೆ. ಅದು ಸತುವಿನ ತುಂಡು ಯಜಮಾನರೇ, ಆನೋಡ್ ಅನ್ನುತ್ತಾರೆ. ಅದರ ಉದ್ಯೋಗವೇ ಸವೆಯುವುದು. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಅವುಗಳ ನಡುವೆ ಸಣ್ಣಗೆ ಕರೆಂಟು ಹರಿದು, ಬಡಪಾಯಿ ಲೋಹ ಕರಗುತ್ತದೆ. ಎಂಜಿನ್ನಿನ ಕಾಲು ಅಲ್ಯೂಮಿನಿಯಂ, ಒಳಗಿನ ಶಾಫ್ಟು ಸ್ಟೀಲು. ಸತುವಿದ್ದರೆ ಅದು ಕರಗುತ್ತದೆ. ಇಲ್ಲದಿದ್ದರೆ ಕಾಲು ಕರಗುತ್ತದೆ. ಸತುವು ಇದ್ದೂ ಮೈತುಂಬ ಬಣ್ಣ ಹೊದ್ದುಕೊಂಡಿದ್ದರೆ ನೀರಿಗೆ ಅದು ಇದೆಯೆಂದೇ ತಿಳಿಯುವುದಿಲ್ಲ. ಸರಿಯಾಗಿ ದುಡಿಯುವ ಆನೋಡ್ ನೋಡಲು ಇಲಿ ಕಡಿದ ಸಾಬೂನಿನಂತಿರಬೇಕು. ಅರ್ಧ ಸವೆದ ಮೇಲೆ ಬದಲಿಸಬೇಕು. ನಿಮ್ಮದು ಹಳೇ ಎಂಜಿನ್ನು, ಆದರೂ ಅದರ ಆನೋಡ್ ಅಂಚು ಮಾಸದೆ ಮಿಂಚುತ್ತಿದೆ. ಸಂತೋಷಪಡಬೇಡಿ. ಹಿಂದಿನ ಮಾಲೀಕರೂ ಬಣ್ಣಪ್ರಿಯರೇ ಇದ್ದಿರಬೇಕು.

ಇದು ನನ್ನ ತಲೆಯಿಂದ ಹುಟ್ಟಿದ ವಿದ್ಯೆಯಲ್ಲ. 1824ರಲ್ಲಿ ಹಂಫ್ರಿ ಡೇವಿ ಎಂಬ ಇಂಗ್ಲೆಂಡಿನ ವಿಜ್ಞಾನಿ ಅಲ್ಲಿಯ ನೌಕಾಪಡೆಗೆ ಇದನ್ನೇ ಹೇಳಿದ. ಹಡಗುಗಳ ತಳಕ್ಕೆ ಹೊಡೆದ ತಾಮ್ರದ ತಗಡು ಉಪ್ಪುನೀರಿಗೆ ಸವೆಯುತ್ತಿತ್ತು. ಕಬ್ಬಿಣದ್ದೋ ಸತುವಿನದ್ದೋ ತುಂಡನ್ನು ತಾಮ್ರಕ್ಕೆ ತಾಗಿಸಿಟ್ಟರೆ ಅದು ಸವೆದು ತಾಮ್ರ ಉಳಿಯುತ್ತದೆಂದು ತೋರಿಸಿಕೊಟ್ಟ. ಪ್ರಯೋಗಕ್ಕೆ ಒಡ್ಡಿದ ಹಡಗುಗಳಲ್ಲಿ ಒಂದು ಸಮರಾಂಗ್. ಅದನ್ನು ಕಟ್ಟಿದ್ದು ನಮ್ಮದೇ ಕರಾವಳಿಯ ಕೆಳಗಿನ ಕೊಚ್ಚಿಯಲ್ಲಿ, 1822ರಲ್ಲಿ ನೀರಿಗಿಳಿದದ್ದು. ತಾಮ್ರವೇನೋ ಉಳಿಯಿತು. ಆದರೆ ಕರಗುವ ತಾಮ್ರದ ವಿಷಕ್ಕೆ ಹೆದರಿ ದೂರವಿದ್ದ ಪಾಚಿ, ಚಿಪ್ಪುಹುಳುಗಳೆಲ್ಲ ಈಗ ತಾಮ್ರ ಕರಗುವುದಿಲ್ಲವಲ್ಲ ಎಂದು ತಳಕ್ಕೆ ಬಂದು ಕೂತವು, ಹಡಗಿನ ವೇಗ ಬಿತ್ತು. ನೌಕಾಪಡೆಯವರು ಡೇವಿಯ ತುಂಡುಗಳನ್ನು ಕಿತ್ತು ಹಾಕಿಸಿದರು. ಪಾಪದ ಮನುಷ್ಯ, ಸರಿಯಾದದ್ದನ್ನು ಹೇಳಿಯೂ ನಗೆಪಾಟಲಾದ. ಹಾಗಾಗಿ ನನ್ನನ್ನು ನೋಡಿ ದೋಣಿಯಲ್ಲಿ ನಾಲ್ಕು ಮಂದಿ ನಕ್ಕರೆ ನನಗೇನೂ ಬೇಸರವಿಲ್ಲ.

ಆನೋಡ್ ಬದಲಿಸಿ. ಕೂರಿಸುವ ಜಾಗದ ಬಣ್ಣ ಕೆರೆದು, ಲೋಹಕ್ಕೆ ಲೋಹ ತಾಗುವಂತೆ ಕೂರಿಸಿ. ಪೇಂಟರನನ್ನು ಆ ದಿನ ಬೇರೆ ಊರಿಗೆ ಕಳಿಸಿ.

ಎಂಜಿನ್ ಕೊಂಡ ದಿನದ ಕಥೆಯನ್ನು ನೀವು ಎಷ್ಟು ಸಲ ಹೇಳಿದ್ದೀರೆಂದರೆ ನಮಗೆಲ್ಲ ಬಾಯಿಪಾಠ. ಮಾರುವವರ ಅಂಗಳದಲ್ಲಿ, ತೆಂಗಿನ ಮರಕ್ಕೆ ಹಲಗೆ ಹೊಡೆದು ಎಂಜಿನ್ ತೂಗುಹಾಕಿದ್ದರು. "ನೋಡಿ, ಒಂದೇ ಎಳೆತ" ಅಂದರು. ಹಗ್ಗ ಎಳೆದರು, ಎಂಜಿನ್ ಕೂಗಿತು. ನೀವು ಅಲ್ಲೇ ಮುಂಗಡ ಎಣಿಸಿದಿರಿ. ಯಜಮಾನರೇ, ನೀವು ಹೋಗುವ ಮುಂಚೆ ಆ ಎಂಜಿನ್ನಿನ ಮೈ ಮುಟ್ಟಿ ನೋಡಿದ್ದರೆ ಬಿಸಿ ಇರುತ್ತಿತ್ತೋ ಏನೋ. ಬಿಸಿ ಎಂಜಿನ್ನು ಯಾರೆಳೆದರೂ ಒಂದೇ ಎಳೆತಕ್ಕೆ ಏಳುತ್ತದೆ. ತಣ್ಣಗಿನದು ಏಳುತ್ತದೋ ಎಂದು ನೋಡುವುದು ಕೊಳ್ಳುವವನ ಕೆಲಸ. ಅದಿರಲಿ. ಕೆಳಗೆ ನೀರಿನ ಡ್ರಮ್ಮು ಇತ್ತೇ? ಇರಲಿಲ್ಲ, ನಿಮ್ಮ ಕಥೆಯಲ್ಲಿ ಅದು ಯಾವತ್ತೂ ಬಂದಿಲ್ಲ.

ಎಂಜಿನ್ನಿನ ಕಾಲಿನೊಳಗೆ, ಉದ್ದ ಶಾಫ್ಟಿನ ಸೊಂಟಕ್ಕೆ, ಅಂಗೈಯಲ್ಲಿ ಹಿಡಿಯುವಷ್ಟರ ಒಂದು ರಬ್ಬರ್ ಚಕ್ರವಿದೆ, ಇಂಪೆಲ್ಲರ್. ಅದರ ರೆಕ್ಕೆಗಳು ಒಂದೇ ಕಡೆಗೆ ಬಾಗಿ, ಒಂದು ಬಟ್ಟಲಿನೊಳಗೆ ಇಕ್ಕಟ್ಟಾಗಿ ತಿರುಗುತ್ತ, ಕಡಲ ನೀರನ್ನೇ ಮೇಲಕ್ಕೆ ತಳ್ಳಿ ಇಡೀ ಎಂಜಿನ್ನನ್ನು ತಂಪಾಗಿಡುತ್ತವೆ. ಬೈಕಿಗೆ ಗಾಳಿ, ಕಾರಿಗೆ ರೇಡಿಯೇಟರ್, ನಮಗೆ ಈ ರಬ್ಬರ್ ತುಂಡು. ಅದಕ್ಕೆ ಎಣ್ಣೆ, ಗ್ರೀಸು ಎಲ್ಲವೂ ನೀರೇ. ನೀರಿಲ್ಲದೆ ಅರ್ಧ ನಿಮಿಷ ಓಡಿಸಿದರೂ ರೆಕ್ಕೆಯ ತುದಿ ಸುಟ್ಟುಹೋಗಬಹುದು. ಅಂದರೆ ನೀವು ಮೆಚ್ಚಿ ದುಡ್ಡು ಕೊಟ್ಟ ಆ ಪ್ರದರ್ಶನವಿದೆಯಲ್ಲ, ಎಂಜಿನ್ನು ಎಷ್ಟು ಗಟ್ಟಿ ಎಂದು ತೋರಿಸಿದ್ದು, ಅದೇ ಅದರ ಅತಿ ಮುಖ್ಯ ಭಾಗವನ್ನು ನಿಮ್ಮ ಕಣ್ಣೆದುರೇ ಕೊಂದದ್ದು. ನೀವು ಚಪ್ಪಾಳೆ ತಟ್ಟಿದಿರಿ.

ಹಿಂಬದಿಯ ತೂತಿನಿಂದ ನೀರು ಚಿಮ್ಮುತ್ತದಲ್ಲ, ಮತ್ತೇನು ಎಂದು ಕೇಳುತ್ತೀರಿ. ಚಿಮ್ಮುವುದು ಮೆಲ್ಲಗೆ ಓಡಿಸುವಾಗ. ಸವೆದ ರೆಕ್ಕೆ ಅಷ್ಟಕ್ಕೆ ಸಾಕು. ಮೂವತ್ತು ಮಾರು ಬಲೆ ಎಳೆದು, ದೋಣಿ ಭಾರವಾಗಿ, ಅಲೆಗೆ ಎದುರಾಗಿ ಪೂರ್ತಿ ರೇಸು ಕೊಟ್ಟಾಗ ಬೇಕಾದ ನೀರು ಬೇರೆ. ಅಲ್ಲದೆ ಮುರಿದ ರೆಕ್ಕೆಯ ಚೂರು ಎಲ್ಲೂ ಹೋಗುವುದಿಲ್ಲ. ಮೇಲೆ ನೀರು ಹರಿಯುವ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡು ಕಾಯುತ್ತದೆ. ಹೊಸ ಇಂಪೆಲ್ಲರ್ ಹಾಕುವಾಗ ಹಳೆಯದನ್ನು ನೆಲದ ಮೇಲಿಟ್ಟು ರೆಕ್ಕೆ ಎಣಿಸಬೇಕು. ಒಂದು ಕಡಿಮೆ ಇದ್ದರೆ ಅದು ಸಿಗುವ ತನಕ ಹುಡುಕಬೇಕು. ಬಟ್ಟಲಿನ ಒಳಮೈಯಲ್ಲಿ, ಕೆಳಗಿನ ತಗಡಿನಲ್ಲಿ ಗೀರು ಬಿದ್ದಿದ್ದರೆ ಅವನ್ನೂ ಬದಲಿಸಬೇಕು; ಗೀರಿದ ಬಟ್ಟಲಲ್ಲಿ ಹೊಸ ರಬ್ಬರ್ ಹಳೆಯದರಷ್ಟೇ ನೀರೆತ್ತೀತು.

ಬಿಡಿಭಾಗದ ಅಂಗಡಿಯವರು ನಿಮಗೆ ಹೇಳಿದ್ದು, "ಇಂಪೆಲ್ಲರ್ ಈಗ ಬೇಡ, ಹಾಳಾದ ಮೇಲೆ ನೋಡುವಾ" ಎಂದು. ಅದು ಹಾಳಾಗುವುದು ಅವರ ಅಂಗಡಿಯ ಮುಂದಲ್ಲವಲ್ಲ. ಇಲ್ಲಿ ನಿಜವಾದ ಖರ್ಚು ರಬ್ಬರಿನದ್ದಲ್ಲ, ಕಾಲು ಬಿಚ್ಚುವುದರದ್ದು. ಉಪ್ಪು ಹಿಡಿದ ಬೋಲ್ಟುಗಳು ಅಲ್ಯೂಮಿನಿಯಂಗೆ ಒಡಹುಟ್ಟಿದವರ ಹಾಗೆ ಅಂಟಿಕೊಂಡಿರುತ್ತವೆ. ಜೋರಾಗಿ ತಿರುಗಿಸಿದರೆ ತಲೆ ಕೈಗೆ ಬರುತ್ತದೆ, ಮೈ ಒಳಗೇ ಉಳಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬಿಸಿ ಕೊಟ್ಟು, ಹಿಂದೆ ಮುಂದೆ ಆಡಿಸುತ್ತ ಬಿಚ್ಚಬೇಕು. ಅಷ್ಟು ಕಷ್ಟಪಟ್ಟು ಬಿಚ್ಚಿದ ಮೇಲೆ ಒಳಗಿನ ಇಂಪೆಲ್ಲರ್ ನೋಡಲು ಚೆನ್ನಾಗಿದೆಯೆಂದು ಅದನ್ನೇ ಮತ್ತೆ ಹಾಕುವವನನ್ನು ಮಿತವ್ಯಯಿ ಎಂದು ನಾನು ಕರೆಯಲಾರೆ. ಮತ್ತೆ ಜೋಡಿಸುವಾಗ ಬೋಲ್ಟಿಗೆ ಮೆರೈನ್ ಗ್ರೀಸ್ ಹಚ್ಚಿ. ಮುಂದೊಂದು ದಿನ ಈ ಎಂಜಿನ್ನನ್ನು ನೀವು ಇನ್ನೊಬ್ಬರಿಗೆ ದಾಟಿಸುವಾಗ ಅವರಾದರೂ ನಿಮ್ಮನ್ನು ಬೈಯದಿರಲಿ.

ಕಾಲು ಬಿಚ್ಚುವ ಮುಂಚೆ ಗೇರ್ ಎಣ್ಣೆಯ ಕೆಳಗಿನ ಸ್ಕ್ರೂ ತೆಗೆದು ನೋಡಿ, ಇದಕ್ಕೆ ಕಾಸು ಖರ್ಚಿಲ್ಲ. ಎಣ್ಣೆ ಎಣ್ಣೆಯ ಬಣ್ಣದಲ್ಲೇ ಬಂದರೆ ಒಳ್ಳೆಯದು. ಹಾಲು ಬೆರೆಸಿದ ಚಾದಂತೆ ಬಂದರೆ ನೀರು ಒಳಹೊಕ್ಕಿದೆ. ಸ್ಕ್ರೂವಿನ ತುದಿಗೆ ಲೋಹದ ಚೂರು ಅಂಟಿ ಬಂದರೆ ಗೇರಿನ ಹಲ್ಲು ಉದುರಿವೆ, ಅಲ್ಲಿಗೆ ಈ ಪತ್ರದ ಉಳಿದ ಭಾಗ ಓದುವ ಅಗತ್ಯ ನಿಮಗಿಲ್ಲ. ನೀರು ಒಳಹೋಗುವುದು ಹೆಚ್ಚಾಗಿ ಫ್ಯಾನಿನ ಹಿಂದಿನ ಸೀಲಿನಿಂದ. ನಮ್ಮ ಕಸುಬಿನಲ್ಲಿ ಅದನ್ನು ಹಾಳುಮಾಡುವ ವೈರಿ ನಮ್ಮದೇ ಬಲೆ: ಫ್ಯಾನಿಗೆ ಸುತ್ತಿಕೊಂಡ ನೈಲಾನ್ ನೂಲು ಮೆಲ್ಲನೆ ಒಳಸರಿದು ಸೀಲನ್ನು ಕೊಯ್ಯುತ್ತದೆ. ನಿಮ್ಮ ಪಾಲಿಶ್ ಮಾಡಿದ ಫ್ಯಾನನ್ನು ಬಿಚ್ಚಿ ನೋಡಿದ್ದೀರಾ? ಪಾಲಿಶ್ ಮಾಡಿದವನು ಬಿಚ್ಚದೆ ಮಾಡಿದ್ದಾನೆ, ನಾನು ಕಂಡಿದ್ದೇನೆ.

ಬಿಚ್ಚಿದರೆ ಇನ್ನೊಂದು ಐಟಂ ಕಾಣುತ್ತಿತ್ತು. ಫ್ಯಾನನ್ನು ಶಾಫ್ಟಿಗೆ ಹಿಡಿದಿಡಲು ಒಂದು ಪಿನ್ನು ಇರುತ್ತದೆ. ಕಂಪನಿಯವರು ಅದನ್ನು ಬೇಕೆಂದೇ ಮೆದು ಲೋಹದಲ್ಲಿ ಮಾಡುತ್ತಾರೆ. ಫ್ಯಾನು ಬಂಡೆಗೋ ಮರಳುದಿಬ್ಬಕ್ಕೋ ಹೊಡೆದರೆ ಪಿನ್ನು ಮುರಿದು ಗೇರು ಉಳಿಯಲಿ ಎಂದು. ನಿಮ್ಮ ಎಂಜಿನ್ನಿನಲ್ಲಿ ಆ ಜಾಗದಲ್ಲಿ ಇರುವುದು ಮಾಡಿಗೆ ಹೊಡೆಯುವ ಮೊಳೆ, ತಲೆ ಕತ್ತರಿಸಿದ್ದು. ಯಾರೋ ಒಬ್ಬರಿಗೆ ಪಿನ್ನು ಪದೇ ಪದೇ ಮುರಿಯುವುದು ಕಿರಿಕಿರಿಯಾಗಿ, ಇನ್ನು ಮುರಿಯದಂಥದ್ದು ಹಾಕುವಾ ಎಂದು ಬುದ್ಧಿ ಓಡಿಸಿದ್ದಾರೆ. ಅವರ ಎಣಿಕೆ ಸರಿ, ಮೊಳೆ ಮುರಿಯುವುದಿಲ್ಲ.

ಇನ್ನು ಇಂಧನದ ದಾರಿ. ಈ ಎಂಜಿನ್ನು ಪೆಟ್ರೋಲಿಗೆ ಹುಟ್ಟಿದ್ದೋ ಸೀಮೆಎಣ್ಣೆಗೆ ಹುಟ್ಟಿದ್ದೋ ಎಂದು ಮಾರಿದವರನ್ನು ಕೇಳಿದ್ದೀರಾ? ಸೀಮೆಎಣ್ಣೆಯ ಎಂಜಿನ್ನು ಪೆಟ್ರೋಲಿನಲ್ಲಿ ಎದ್ದು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ಬರಬೇಕು. ಅದರ ಒತ್ತಡವನ್ನೇ ಕಡಿಮೆ ಇಟ್ಟು ಕಟ್ಟಿರುತ್ತಾರೆ. ಪೆಟ್ರೋಲ್ ಎಂಜಿನ್ನಿಗೆ ಸೀಮೆಎಣ್ಣೆ ಕುಡಿಸುತ್ತ ಬಂದಿದ್ದರೆ ಅದು ಬಡಿದುಕೊಂಡು ಬಡಿದುಕೊಂಡು ಪಿಸ್ಟನ್ನಿನ ತಲೆ ತಿಂದಿರುತ್ತದೆ. ಇನ್ನೊಂದು ಮನೆಮದ್ದು ಚಾಲ್ತಿಯಲ್ಲಿದೆ. ಎಂಜಿನ್ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. ಆಮೇಲೆ ಎಂಜಿನ್ನು ಬೇಕಾದಷ್ಟು ಬಿಸಿಯೇ ಆಗುವುದಿಲ್ಲ, ಸೀಮೆಎಣ್ಣೆ ಸರಿಯಾಗಿ ಉರಿಯುವುದಿಲ್ಲ, ಪ್ಲಗ್ಗು ಕಪ್ಪು ಕಟ್ಟುತ್ತದೆ. ಆಗ ಪ್ಲಗ್ಗಿನ ಕಂಪನಿಯನ್ನು ಬೈಯುತ್ತೇವೆ. ಆ ಜಾಗ ಖಾಲಿಯಿದ್ದರೆ ಒಂದು ತಂದು ಕೂರಿಸಿ. ಇದ್ದರೆ ಬಿಸಿನೀರಿನ ಪಾತ್ರೆಯಲ್ಲಿ ಹಾಕಿ ಬಾಯಿ ತೆರೆಯುತ್ತದೋ ನೋಡಿ. ಅಮ್ಮನವರ ಅನ್ನದ ಪಾತ್ರೆಯಲ್ಲಿ ಬೇಡ.

ಪೆಟ್ರೋಲಿನ ಮಾತೂ ಮೊದಲಿನಂತಿಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ನಿಮ್ಮ ಎಂಜಿನ್ನಿನ ರಬ್ಬರ್ ಪೈಪು, ಕೈಯಲ್ಲಿ ಅದುಮುವ ಬಲ್ಬು, ಇಂಧನ ಪಂಪಿನ ಪೊರೆ, ಕನೆಕ್ಟರಿನ ಓ-ರಿಂಗು ಇವೆಲ್ಲ ಎಥನಾಲ್ ಹೆಸರು ಕೇಳದ ಕಾಲದವು. ಅದರಲ್ಲಿ ನೆನೆದು ಉಬ್ಬುತ್ತವೆ, ಮೆತ್ತಗಾಗುತ್ತವೆ, ಒಳಗಿನಿಂದ ಸಿಪ್ಪೆ ಬಿಡುತ್ತವೆ. ಇದಕ್ಕಿಂತ ಕೆಟ್ಟದ್ದು ನೀರು. ಎಥನಾಲ್ ಕಡಲ ಗಾಳಿಯ ತೇವ ಹೀರುತ್ತದೆ, ಮಿತಿ ಮೀರಿದರೆ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ನಾವು ಬೆರೆಸಿದ ಟೂ-ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೈಪು ಹೀರುವುದು ತಳದಿಂದ. ಆಯಿಲ್ ಇಲ್ಲದ ನೀರು ಕುಡಿದ ಎಂಜಿನ್ನು ಜಾಮ್ ಆಗಲು ತುಂಬ ಹೊತ್ತು ಬೇಡ. ಟ್ಯಾಂಕಿನಿಂದ ಕಾರ್ಬುರೇಟರಿನ ತನಕದ ಎಲ್ಲ ರಬ್ಬರನ್ನೂ ಒಂದೇ ಸಲ ಬದಲಿಸಿ. ಪೈಪು ಈ ವರ್ಷ, ಬಲ್ಬು ಮುಂದಿನ ವರ್ಷ ಎಂದು ಕಂತು ಮಾಡಬೇಡಿ. ಹಳೆಯದರ ಸಿಪ್ಪೆ ಹೊಸದರ ಬಾಯಿ ಮುಚ್ಚುತ್ತದೆ.

ಇಷ್ಟೆಲ್ಲ ಬದಲಿಸಿ ಎಂದ ಮೇಲೆ ಬದಲಿಸಬೇಡಿ ಎನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅಂಗಡಿಯವರು ನಿಮ್ಮ ಕಿವಿಯಲ್ಲಿ ಊದುತ್ತಿರುವುದು ನನಗೆ ಗೊತ್ತು. ಇಡೀ ಕಾರ್ಬುರೇಟರ್ ಬೇಡ. ಬಿಚ್ಚಿ, ಜೆಟ್ಟಿನ ತೂತು ಸ್ವಚ್ಛ ಮಾಡಿ, ಗ್ಯಾಸ್ಕೆಟ್ಟು ಸೂಜಿ ಬದಲಿಸಿದರೆ ಸಾಕು. ಕಾಯಿಲ್, ಸಿಡಿಐ ಎಂಬ ದುಬಾರಿ ಕಪ್ಪು ಡಬ್ಬಿಗಳನ್ನು ಅನುಮಾನದ ಮೇಲೆ ಕೊಳ್ಳಬೇಡಿ. ಕಿಡಿ ಬರುತ್ತದೋ ಎಂದು ಪರೀಕ್ಷಿಸಿ, ವೈರಿನ ತುದಿಯ ಹಸಿರು ಕಿಲುಬು ಕೆರೆದು ನೋಡಿ. ಅರ್ಧ ಕಾಯಿಲೆ ಅಲ್ಲೇ ಇರುತ್ತದೆ. ಒಮ್ಮೆ ಕೊಂಡ ಕರೆಂಟಿನ ಸಾಮಾನನ್ನು ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲ. ಗೇರು, ಶಾಫ್ಟು, ಬೇರಿಂಗು ಹಳೆಯವೆಂಬ ಒಂದೇ ಕಾರಣಕ್ಕೆ ಮುಟ್ಟಬೇಡಿ. ರಬ್ಬರಿಗೆ ಆಗುವುದು ವಯಸ್ಸು, ಲೋಹಕ್ಕೆ ಆಗುವುದು ಗಾಯ. ಗಾಯ ಕಾಣದಿದ್ದರೆ ಸುಮ್ಮನಿರಿ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದನ್ನು ಕೊನೆಗೆ ಬರೆಯುತ್ತಿದ್ದೇನೆ. ನೀವೂ ಎಂಜಿನ್ನನ್ನು ಕೊನೆಯಿಂದಲೇ ಶುರು ಮಾಡಿದ್ದರಿಂದ ಇದು ನಿಮಗೆ ಒಗ್ಗೀತು. ಎರಡೂ ಪ್ಲಗ್ಗು ಬಿಚ್ಚಿ, ಕಂಪ್ರೆಷನ್ ಗೇಜು ತಿರುಗಿಸಿ ಕೂರಿಸಿ, ರೇಸು ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಬೇಕು. ಎರಡು ಸಿಲಿಂಡರಿನ ಅಂಕಿಯೂ ಹತ್ತಿರ ಹತ್ತಿರ ಬರಬೇಕು, ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದು ಮೇಲೆ, ಇನ್ನೊಂದು ಪಾತಾಳದಲ್ಲಿ ಇದ್ದರೆ ಮೇಲೆ ಬರೆದದ್ದು ಯಾವುದನ್ನೂ ಕೊಳ್ಳಬೇಡಿ, ಒಂದು ಓ-ರಿಂಗು ಕೂಡ. ಬಿಚ್ಚಿದ ಪ್ಲಗ್ಗಿನ ಮೂತಿಯನ್ನೂ ನೋಡಿ. ಕಂದು ಬಣ್ಣವಿದ್ದರೆ ಒಳ್ಳೆಯದು. ಒಂದು ಕಪ್ಪಾಗಿ ಇನ್ನೊಂದು ಮಾತ್ರ ತೊಳೆದಿಟ್ಟಂತೆ ಬಿಳಿಚಿಕೊಂಡಿದ್ದರೆ ಆ ಸಿಲಿಂಡರಿಗೆ ನೀರು ಇಳಿಯುತ್ತಿರಬಹುದು. ಈ ಎಂಜಿನ್ನು ಯಾವತ್ತಾದರೂ ದೋಣಿಯ ಸಮೇತ ಮಗುಚಿ ಕಡಲಿನ ತಳ ಕಂಡು ಬಂದದ್ದೋ ಎಂಬ ಗುಮಾನಿ ನನಗಿದೆ. ಹಾಗೆ ಮುಳುಗಿದ್ದನ್ನು ಮೇಲೆತ್ತಿ ಒಣಗಿಸಿ ಮಾರುವುದು ಹೊಸ ವಿದ್ಯೆಯಲ್ಲ, ಬೇರಿಂಗಿನ ತುಕ್ಕು ಹೊರಗೆ ಕಾಣುವುದೂ ಇಲ್ಲ. ಹೊಸ ಬಣ್ಣದ ಕೆಳಗಂತೂ ಏನೂ ಕಾಣುವುದಿಲ್ಲ.

ಖರ್ಚಿನ ಮಾತು ನೀವೇ ಎತ್ತುತ್ತೀರಿ. ನಮ್ಮಲ್ಲಿ ಮೀನಿನ ದುಡ್ಡು ಹಂಚುವಾಗ ದೋಣಿಗೊಂದು ಪಾಲು, ಬಲೆಗೊಂದು ಪಾಲು, ಎಂಜಿನ್ನಿಗೊಂದು ಪಾಲು, ಉಳಿದದ್ದು ನಮಗೆ. ಎಂಜಿನ್ನು ನಿಂತು ನಾವು ಹುಟ್ಟು ಹಾಕಿಕೊಂಡು ಬಂದ ದಿನವೂ ಅದರ ಪಾಲು ಅದಕ್ಕೆ ಹೋಗಿದೆ, ಯಾರೂ ತಕರಾರು ತೆಗೆದಿಲ್ಲ. ಆ ಪಾಲಿನಿಂದ ಅದು ಬಣ್ಣ ಕೊಂಡಿತು, ಸ್ಟಿಕ್ಕರ್ ಕೊಂಡಿತು. ಈಗ ಇಂಪೆಲ್ಲರ್ ಕಿಟ್ಟು, ಆನೋಡು, ಸೀಲು, ಪೈಪು ಎಂದಾಗ "ಎಲ್ಲರೂ ಸ್ವಲ್ಪ ಸ್ವಲ್ಪ ಹಾಕುವಾ" ಎಂಬ ಮಾತು ನಿಮ್ಮ ಅಂಗಳದಿಂದ ತೇಲಿ ಬರುತ್ತಿದೆ. ಹಾಕುವಾ. ಆದರೆ ಹಾಗೆ ಹಾಕಿದ ದಿನದಿಂದ ಎಂಜಿನ್ನಿನ ಪಾಲಿನಲ್ಲಿ ನಮಗೂ ಪಾಲು. ಲೆಕ್ಕದ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಕೊಡಿ.

ಭಾನುವಾರ ಬೆಳಿಗ್ಗೆ ಗೇಜು ತರುತ್ತೇನೆ, ಪೇಟೆಯ ಬೈಕ್ ಮೆಕ್ಯಾನಿಕ್ಕಿನ ಹತ್ತಿರ ಕೇಳಿ ಇಟ್ಟಿದ್ದೇನೆ. ಹಗ್ಗ ನಾನು ಎಳೆಯುತ್ತೇನೆ, ಅಂಕಿ ನೀವು ಓದಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ. ನೀರು ತುಂಬಿದ ಡ್ರಮ್ಮೊಂದು ಬೇಕು. ಬರುವಾಗ ಅಂಗಡಿಯಿಂದ ಫ್ಯಾನಿನ ಪಿನ್ನು ಎರಡು ತನ್ನಿ; ಒಂದು ಎಂಜಿನ್ನಿಗೆ, ಒಂದು ದೋಣಿಯಲ್ಲಿ ಇಡಲು.

ಇಂತಿ,
ನಿಮ್ಮ ದೋಣಿಯ ಪಾಲುಗಾರ